ರಾತ್ರಿ ತಂಗುವ ಚಾರಣಕ್ಕೆ ಯಾವುದು ಬೇಕು, ಯಾವುದು ಬೇಡ: ಸಹ್ಯಾದ್ರಿಗೆ ಹೊರಟ ಹೊಸಬರಿಗೆ ಒಂದು ಹೋಲಿಕೆ

ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರಪರ್ವತ ಹತ್ತುವವರು ನಡುಹಾದಿಯ ಗಿರಿಗದ್ದೆ ಮುಟ್ಟುವ ಹೊತ್ತಿಗೆ ಅಂಗಿಯ ಬೆನ್ನು ಹಿಂಡಿದರೆ ನೀರು ತೊಟ್ಟಿಕ್ಕುವಷ್ಟು ತೊಯ್ದಿರುತ್ತದೆ. ಅದು ಮಳೆಯ ನೀರಲ್ಲ, ಬೆವರು. ನಾನು ಮೊದಲ ಸಲ ಆ ಹಾದಿ ಹಿಡಿದದ್ದು ಡಿಸೆಂಬರಿನಲ್ಲಿ. ಮೈಮೇಲೆ ಜೀನ್ಸ್ ಪ್ಯಾಂಟು, ಹತ್ತಿಯ ಬನಿಯನ್ನು, ಅದರ ಮೇಲೊಂದು ಹತ್ತಿಯ ಅಂಗಿ. ಬ್ಯಾಗಿನಲ್ಲಿ ಚಳಿಗೆಂದು ಸಾಲ ತಂದಿದ್ದ ದಪ್ಪನೆಯ ಜಾಕೆಟ್ಟು ಇತ್ತು, ಆದರೆ ಬದಲಿಸಲು ಇನ್ನೊಂದು ಬನಿಯನ್ನು ಇರಲಿಲ್ಲ. ಬಿಸಿಲು ಇಳಿದು ಅರ್ಧ ಗಂಟೆಯಾಗುವಷ್ಟರಲ್ಲಿ ನಡುಕ ಹತ್ತಿಕೊಂಡಿತು. ಜಾಕೆಟ್ಟಿನೊಳಗೆ ಬನಿಯನ್ನು ಬೆಳಗಿನವರೆಗೂ ಒಣಗಲೇ ಇಲ್ಲ, ಜೀನ್ಸ್ ಮಾರನೆಯ ದಿನ ಇಳಿಯುವಾಗಲೂ ತೊಡೆಗೆ ಅಂಟಿಕೊಂಡೇ ಇತ್ತು. ಆ ರಾತ್ರಿಯಿಂದ ಈಚೆಗೆ ಯಾವ ಬಟ್ಟೆ, ಯಾವ ಸಾಮಾನು ಕೊಳ್ಳುವಾಗಲೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದು ಒದ್ದೆಯಾದರೆ ಏನಾಗುತ್ತದೆ?

ಪಶ್ಚಿಮ ಘಟ್ಟದಲ್ಲಿ ರಾತ್ರಿ ಕಳೆಯುವವರಿಗೆ ಚಳಿಗಿಂತ ತೇವವೇ ಹೆಚ್ಚು ಕಾಟ ಕೊಡುತ್ತದೆ. ಹತ್ತುವಾಗ ಬೆವರು, ನಸುಕಿನಲ್ಲಿ ಇಬ್ಬನಿ, ಅಕ್ಟೋಬರಿನಲ್ಲೂ ಒಮ್ಮೆಲೇ ಸುರಿಯುವ ಹಿಂಗಾರಿನ ಮಳೆ, ಹಳ್ಳ ದಾಟುವಾಗ ಶೂ ಒಳಗೆ ನುಗ್ಗುವ ನೀರು ಇವೆಲ್ಲ ಸೇರಿ ಹೊತ್ತೊಯ್ದದ್ದನ್ನೆಲ್ಲ ತೋಯಿಸಲು ಕಾದಿರುತ್ತವೆ. ಆದ್ದರಿಂದ ಈ ಬರಹದಲ್ಲಿ ಎರಡು ವಸ್ತುಗಳನ್ನು ಎದುರುಬದುರು ಇಟ್ಟು ನೋಡುವಾಗಲೆಲ್ಲ ತೇವವೇ ಮುಖ್ಯ ಅಳತೆಗೋಲು; ತೂಕ ಎರಡನೆಯದು, ಬೆಲೆ ಮೂರನೆಯದು.

ಇಲ್ಲಿ ಹೇಳಿದ್ದು ಕರ್ನಾಟಕದ ಬೆಟ್ಟಗಳಿಗೆ ಮಾತ್ರ ಹೊಂದುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಕುದುರೆಮುಖ 1,890 ಮೀಟರಿನ ಆಸುಪಾಸು, ತಡಿಯಂಡಮೋಳ್ 1,748, ಕುಮಾರಪರ್ವತ 1,712. ಹಿಮಾಲಯದ ಲೆಕ್ಕವೇ ಬೇರೆ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ತೀರಿಕೊಂಡದ್ದು ನಮ್ಮಲ್ಲಿ ಅನೇಕರಿಗೆ ಇನ್ನೂ ಹಸಿ ನೆನಪು. ಅಂಥ ಎತ್ತರಕ್ಕೆ ಬೇಕಾದ ತಯಾರಿಯನ್ನು ಸಹ್ಯಾದ್ರಿಯ ಅನುಭವದಿಂದ ಅಂದಾಜು ಮಾಡಬಾರದು.

ಮೊದಲು ನಿರ್ಧರಿಸಬೇಕಾದದ್ದು: ಎಲ್ಲಿ ಮಲಗುತ್ತೀರಿ

ಅಂಗಡಿಗೆ ಹೋಗುವ ಮುಂಚೆ ರಾತ್ರಿ ಎಲ್ಲಿ ಕಳೆಯುತ್ತೀರಿ ಎಂಬುದು ಇತ್ಯರ್ಥವಾಗಬೇಕು, ಏಕೆಂದರೆ ಹೊರುವ ಸಾಮಾನಿನ ಅರ್ಧದಷ್ಟು ಅದನ್ನೇ ಅವಲಂಬಿಸಿದೆ. ಅರಣ್ಯ ಇಲಾಖೆಯ ವ್ಯಾಪ್ತಿಯ ಹೆಚ್ಚಿನ ಹಾದಿಗಳಲ್ಲಿ ಈಗ ಮುಂಗಡ ಅನುಮತಿ ಪಡೆಯಲೇಬೇಕು. ಶಿಖರದ ಮೇಲೆ ಅಥವಾ ಕಾಡಿನ ಒಳಗೆ ಮನಸ್ಸು ಬಂದಲ್ಲಿ ಡೇರೆ ಹಾಕುವ ಕಾಲ ಮುಗಿದಿದೆ. ಕುದುರೆಮುಖಕ್ಕೆ ಹೋಗುವವರು ಸಂಸೆ, ಕಳಸ ಸುತ್ತಿನ ಹೋಮ್‌ಸ್ಟೇಗಳಲ್ಲಿ ಉಳಿದು ಬೆಳಗ್ಗೆ ಹತ್ತಿ ಸಂಜೆಗೆ ಇಳಿಯುತ್ತಾರೆ. ನಿಯಮಗಳು ಋತುವಿನಿಂದ ಋತುವಿಗೆ ಬದಲಾಗುತ್ತವೆ, ಕಾಳ್ಗಿಚ್ಚಿನ ಭಯವಿರುವ ಬೇಸಿಗೆಯಲ್ಲೂ ಮುಂಗಾರಿನಲ್ಲೂ ಹಾದಿಗಳನ್ನು ಮುಚ್ಚುವುದುಂಟು. ಹೊರಡುವ ವಾರ ಒಮ್ಮೆ ವಿಚಾರಿಸಿಕೊಳ್ಳುವುದು ಕ್ಷೇಮ.

ಹೀಗಾಗಿ ಹೊಸಬರ ಮುಂದೆ ಇರುವುದು ಮೂರು ಬಗೆ. ಹಳ್ಳಿಯ ಮನೆಯಲ್ಲೋ ಹೋಮ್‌ಸ್ಟೇಯ ಜಗಲಿಯಲ್ಲೋ ಮಲಗುವುದು ಒಂದು. ಚಾರಣ ನಡೆಸುವವರು ಒದಗಿಸುವ ಟೆಂಟಿನಲ್ಲಿ, ಕೇವಲ ಬಟ್ಟೆ ಹಾಸಿಗೆ ಹೊತ್ತು ಹೋಗಿ ಮಲಗುವುದು ಇನ್ನೊಂದು. ಟೆಂಟು, ಹಾಸಿಗೆ, ಅಡುಗೆ ಎಲ್ಲವನ್ನೂ ತಾನೇ ಹೊರುವುದು ಮೂರನೆಯದು. ಮೊದಲ ಎರಡು ಮೂರು ಚಾರಣಗಳನ್ನು ಒಂದನೆಯ ಬಗೆಯಲ್ಲೇ ಮುಗಿಸಿ ಎಂಬುದು ನನ್ನ ಖಚಿತ ಸಲಹೆ. ಬೆನ್ನ ಮೇಲೆ ಐದಾರು ಕೆ.ಜಿ. ಇಟ್ಟುಕೊಂಡು ನಡೆದಾಗ ಮಾತ್ರ ತನ್ನ ಕಾಲು, ಮಂಡಿ, ಉಸಿರು ಎಷ್ಟು ತಾಳುತ್ತವೆ ಎಂದು ತಿಳಿಯುತ್ತದೆ, ಹನ್ನೆರಡು ಕೆ.ಜಿ. ಹೊತ್ತವನಿಗೆ ತಿಳಿಯುವುದು ಬ್ಯಾಗಿನ ಭಾರ ಮಾತ್ರ.

ಶೂ: ಮೊದಲ ಹಣ ಇಲ್ಲಿಗೇ

ಬೇರೆಲ್ಲವನ್ನೂ ಸಾಲ ತರಬಹುದು, ಬಾಡಿಗೆಗೆ ತರಬಹುದು. ಶೂ ಮಾತ್ರ ನಿಮ್ಮ ಪಾದಕ್ಕೇ ಅಳತೆಯಾಗಿರಬೇಕು. ಕುಕ್ಕೆಯಿಂದ ಕುಮಾರಪರ್ವತದ ನೆತ್ತಿಗೆ 1,500 ಮೀಟರಿಗೂ ಹೆಚ್ಚು ಎತ್ತರ ಹತ್ತಬೇಕು, ಅಷ್ಟನ್ನೇ ಇಳಿಯಲೂಬೇಕು. ಹತ್ತುವಾಗ ಸುಮ್ಮನಿದ್ದ ಶೂ ಇಳಿಯುವಾಗ ಹೆಬ್ಬೆರಳ ಉಗುರನ್ನು ಕಪ್ಪಾಗಿಸುವುದು ನಾನು ಕಂಡ ಅತಿ ಸಾಮಾನ್ಯ ಗಾಯ.

ಓಟದ ಶೂ ಹಗುರ, ಮೃದು, ಬಹುಮಂದಿಯ ಮನೆಯಲ್ಲಿ ಆಗಲೇ ಇರುತ್ತದೆ. ಒಣ ಹುಲ್ಲುಗಾವಲಿನ ಹಾದಿಗೆ ಅದು ಸಾಕು. ಆದರೆ ಅದರ ಅಡಿ ನಗರದ ರಸ್ತೆಗೆಂದು ಮಾಡಿದ್ದು, ಅದರ ತೋಡುಗಳು ಆಳವಿಲ್ಲದವು. ಒಣ ಎಲೆ ದಟ್ಟವಾಗಿ ಬಿದ್ದ ಇಳಿಜಾರಿನಲ್ಲಿ, ಸಡಿಲ ಜಲ್ಲಿಯ ಮೇಲೆ, ಪಾಚಿ ಕಟ್ಟಿದ ಬಂಡೆಯ ಮೇಲೆ ಜಾರುತ್ತದೆ. ಅದರ ಎದುರು ಗಿಡ್ಡ ಕತ್ತಿನ ಟ್ರೆಕ್ಕಿಂಗ್ ಶೂ ಇಟ್ಟು ನೋಡಿದರೆ ನಾಲ್ಕೈದು ಮಿಲಿಮೀಟರ್ ಆಳದ ತೋಡು, ಬೆರಳ ತುದಿಗೆ ಗಟ್ಟಿ ರಬ್ಬರಿನ ರಕ್ಷೆ, ತಿರುಚಿದರೆ ಸುಲಭಕ್ಕೆ ಬಾಗದ ಅಡಿ ಇವು ಸಿಗುತ್ತವೆ. ನಮ್ಮ ಬೆಟ್ಟಗಳಿಗೆ ಹೊಸಬರು ಕೊಳ್ಳಬೇಕಾದದ್ದು ಇದನ್ನೇ.

ಎತ್ತರ ಕತ್ತಿನ, ನೀರು ತಡೆಯುವ ಪೊರೆಯಿರುವ ಶೂ ದುಬಾರಿ. ಅಂಗಡಿಯವರು ಅದನ್ನೇ ಮುಂದೆ ಮಾಡುವುದೂ ಹೆಚ್ಚು. ಹಿಮದಲ್ಲಿ, ಹನಿ ಹನಿ ತೂರುವ ಮಳೆಯಲ್ಲಿ ಅದರ ಉಪಯೋಗ ನಿಜ. ಆದರೆ ಸಹ್ಯಾದ್ರಿಯ ಹಳ್ಳದಲ್ಲಿ ನೀರು ಕಣಕಾಲಿನ ಮೇಲಿಂದ ಒಳಗೆ ಇಳಿಯುತ್ತದೆ, ಇಳಿದ ನೀರನ್ನು ಆ ಪೊರೆ ಹೊರಗೆ ಬಿಡುವುದಿಲ್ಲ, ಮುಂದಿನ ಐದು ಗಂಟೆ ಪಾದ ಸಣ್ಣ ಬೋಗುಣಿಯಲ್ಲಿ ಅದ್ದಿಟ್ಟಂತೆ ಇರುತ್ತದೆ. ಜಾಳಿಗೆ ಬಟ್ಟೆಯ ಸಾಧಾರಣ ಶೂ ಅದೇ ಹಳ್ಳದಲ್ಲಿ ತೊಯ್ದರೂ ಅರ್ಧ ಮೈಲಿ ನಡೆಯುವಷ್ಟರಲ್ಲಿ ನೀರನ್ನು ಹಿಂಡಿ ಹೊರಹಾಕಿರುತ್ತದೆ. ಕಣಕಾಲು ಪದೇ ಪದೇ ಹೊರಳುವವರಿಗೆ, ಭಾರ ಹೊರುವವರಿಗೆ ಮಾತ್ರ ಎತ್ತರ ಕತ್ತಿನದು ಸರಿಯೆನ್ನುತ್ತೇನೆ. ಕಾಡಿನ ಕಾವಲುಗಾರರು ಹಾಕುವಂಥ ಹಸಿರು ಕ್ಯಾನ್ವಾಸ್ ಶೂ ಇವೆಲ್ಲಕ್ಕಿಂತ ಅಗ್ಗ, ಬೇಗ ಒಣಗುತ್ತದೆ, ಹಿಡಿತವೂ ಪರವಾಗಿಲ್ಲ. ಅಡಿಯ ಮೆತ್ತೆ ಕಡಿಮೆಯಾದ್ದರಿಂದ ರೂಢಿಯಿಲ್ಲದ ಪಾದ ಎರಡನೆಯ ದಿನ ನೋಯುತ್ತದೆ.

ಶೂ ಕೊಳ್ಳಲು ಸಂಜೆ ಹೋಗಬೇಕು, ದಿನವಿಡೀ ನಡೆದ ಪಾದ ಆಗ ಸ್ವಲ್ಪ ಊದಿರುತ್ತದೆ. ಚಾರಣಕ್ಕೆ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಅಳತೆ ನೋಡಬೇಕು. ಲೇಸು ಬಿಗಿದು, ಅಂಗಡಿಯಲ್ಲಿ ಇಳಿಜಾರು ಹಲಗೆಯಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಮೆಟ್ಟಿಲಿನಲ್ಲಿ ಕೆಳಮುಖವಾಗಿ ನಿಂತು ಪಾದ ಮುಂದಕ್ಕೆ ಒತ್ತಬೇಕು. ಆಗಲೂ ಬೆರಳ ತುದಿ ಶೂ ಮೂತಿಗೆ ತಾಗದಿದ್ದರೆ ಅದು ನಿಮ್ಮ ಅಳತೆ. ಕೊಂಡ ಮೇಲೆ ಎರಡು ವಾರ ಊರಿನಲ್ಲೇ ಹಾಕಿ ನಡೆದು ಪಳಗಿಸಿ. ಹೊಸ ಶೂವನ್ನು ಡಬ್ಬಿಯಿಂದ ತೆಗೆದು ನೇರ ಬಸ್ಸು ಹತ್ತಬೇಡಿ.

ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. ಐದಾರು ವರ್ಷ ಬೀರುವಿನಲ್ಲಿ ಸುಮ್ಮನೆ ಇಟ್ಟಿದ್ದ ಶೂ ನೋಡಲು ಹೊಸದರಂತಿದ್ದರೂ ಅದರ ಅಡಿಯ ಪಾಲಿಯುರೆಥೇನ್ ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗಿರುತ್ತದೆ. ನನ್ನ ಜೊತೆ ಬಂದಿದ್ದ ಗೆಳೆಯನೊಬ್ಬನ ಎರಡೂ ಶೂಗಳ ಅಡಿ ಒಂದೇ ಇಳಿಜಾರಿನಲ್ಲಿ, ಕಾಲು ಗಂಟೆಯ ಅಂತರದಲ್ಲಿ ಕಳಚಿ ಬಿದ್ದವು. ಟೆಂಟಿನ ನೈಲಾನ್ ಹಗ್ಗವನ್ನು ಪಾದದ ಸುತ್ತ ನಾಲ್ಕು ಸುತ್ತು ಬಿಗಿದು ಅವನನ್ನು ಕೆಳಗೆ ಇಳಿಸಿದೆವು. ಅಂದಿನಿಂದ ಮೂರು ಮೀಟರ್ ಹಗ್ಗ ನನ್ನ ಬ್ಯಾಗಿನಿಂದ ಹೊರಬಂದಿಲ್ಲ.

ಇಂಬಳಗಳ, ಅಂದರೆ ರಕ್ತ ಹೀರುವ ಕಾಡಿನ ಜಿಗಣೆಗಳ, ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಮಳೆ ನಿಂತ ಮೇಲೂ ನವೆಂಬರಿನವರೆಗೆ ನೆರಳಿನ ಕಾಡಿನಲ್ಲಿ ಅವು ಇರುತ್ತವೆ. ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಮಲೆನಾಡಿನವರು ಹಿಂದಿನಿಂದ ಬಳಸಿದ ಉಪಾಯಗಳು, ಕೆಲಸವನ್ನೂ ಮಾಡುತ್ತವೆ. ಆದರೆ ಮೊದಲ ಹಳ್ಳ ದಾಟಿದೊಡನೆ ತೊಳೆದುಹೋಗುತ್ತವೆ. ಮಂಡಿಯವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಕಾಲುಚೀಲ ತೊಯ್ದರೂ ತಡೆಯುತ್ತದೆ. ಕಚ್ಚಿದ್ದನ್ನು ಹಿಡಿದೆಳೆಯದೆ, ಉಗುರಿನ ಅಂಚನ್ನು ಚರ್ಮಕ್ಕೆ ಒತ್ತಿ ಜಾರಿಸಿ ಬಿಡಿಸಿ. ಅದು ಬಿಟ್ಟ ಹಿರುಡಿನ್ ಎಂಬ ದ್ರವ್ಯ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಹೆದರಬೇಕಿಲ್ಲ.

ಬಟ್ಟೆ: ನಡೆಯುವ ಜೊತೆ ಬೇರೆ, ಮಲಗುವ ಜೊತೆ ಬೇರೆ

ಹತ್ತಿ, ಪಾಲಿಯೆಸ್ಟರ್, ಉಣ್ಣೆ ಇವುಗಳ ನಡುವಿನ ಆಯ್ಕೆಯನ್ನು ಜವಳಿಯವರ ಒಂದು ಲೆಕ್ಕ ಬಹಳಷ್ಟು ಹಗುರ ಮಾಡುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿಯ ನೂಲು ತನ್ನ ತೂಕದ ಸುಮಾರು ನೂರಕ್ಕೆ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳುತ್ತದೆ, ಉಣ್ಣೆ 16ರ ಹತ್ತಿರ, ಪಾಲಿಯೆಸ್ಟರ್ ನೂರಕ್ಕೆ ಅರ್ಧಕ್ಕಿಂತಲೂ ಕಡಿಮೆ. ಪಾಲಿಯೆಸ್ಟರ್ ಟೀ ಶರ್ಟು ಬೇಗ ಒಣಗುವುದು ಇದರಿಂದಲೇ. ಅದರ ಎಳೆಗಳ ನಡುವೆ ನೀರು ನಿಂತರೂ ಎಳೆಯ ಒಳಗೆ ಸೇರುವುದಿಲ್ಲ, ಹಿಂಡಿ ಕೊಡವಿದರೆ ಹೊರಟುಹೋಗುತ್ತದೆ. ಉಣ್ಣೆ ಹೆಚ್ಚು ಹೀರಿದರೂ ಅದರ ಎಳೆ ಗುಂಗುರಾಗಿಯೇ ಉಳಿದು ನಡುವೆ ಗಾಳಿ ಹಿಡಿದಿಡುವುದರಿಂದ ಒದ್ದೆಯಲ್ಲೂ ಬೆಚ್ಚಗಿರುತ್ತದೆ. ಮಲೆನಾಡಿನ ರೈತರು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟು ಜಡಿಮಳೆಯಲ್ಲಿ ಗದ್ದೆಯ ಕೆಲಸ ಮಾಡುತ್ತಿದ್ದದ್ದು ಈ ಗುಣವನ್ನು ಅನುಭವದಿಂದ ಅರಿತೇ. ಹತ್ತಿ ಮಾತ್ರ ಹೀರುತ್ತದೆ, ಮೈಗೆ ಅಂಟುತ್ತದೆ, ನಿಧಾನವಾಗಿ ಆರುತ್ತ ಮೈಯ ಬಿಸಿಯನ್ನು ಕದಿಯುತ್ತದೆ.

ಹಾಗೆಂದು ಹತ್ತಿಯನ್ನು ಪೂರ್ತಿ ಬಿಡಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಯಲುಸೀಮೆಯ ಮಧುಗಿರಿಯಂಥ ಬೋಳು ಬಂಡೆಯ ಬೆಟ್ಟವನ್ನು ಬಿಸಿಲಿನಲ್ಲಿ ಹತ್ತುವವರಿಗೆ ಒದ್ದೆ ಹತ್ತಿಯ ಅಂಗಿ ತಂಪು ಕೊಡುತ್ತದೆ, ಅಲ್ಲಿ ಆ ‘ಕಳ್ಳತನ’ವೇ ಬೇಕಾದದ್ದು. ಮಲಗುವಾಗ ಹಾಕಲೂ ಒಣ ಹತ್ತಿಯಷ್ಟು ಹಿತವಾದದ್ದು ಇನ್ನೊಂದಿಲ್ಲ. ತಪ್ಪಾಗುವುದು ತೊಯ್ದ ಹತ್ತಿಯಲ್ಲಿ ಚಳಿಯ ಸಂಜೆಯನ್ನು ಎದುರಿಸಿದಾಗ.

ಆದ್ದರಿಂದ ಬಟ್ಟೆಯನ್ನು ಎರಡು ಜೊತೆಯಾಗಿ ಯೋಚಿಸಿ. ನಡೆಯುವ ಜೊತೆಯಲ್ಲಿ ಪಾಲಿಯೆಸ್ಟರ್ ಟೀ ಶರ್ಟು, ತೆಳುವಾದ ಬೇಗ ಒಣಗುವ ಪ್ಯಾಂಟು, ಒಂದು ಟೋಪಿ. ಉದ್ದ ತೋಳಿನ ಅಂಗಿಯಾದರೆ ಆಳೆತ್ತರದ ಹುಲ್ಲು ಕೈ ಗೀರುವುದು ತಪ್ಪುತ್ತದೆ. ಮಲಗುವ ಜೊತೆಯಲ್ಲಿ ಒಂದು ಬನಿಯನ್ನು, ಒಂದು ಪೈಜಾಮ ಅಥವಾ ಟ್ರ್ಯಾಕ್ ಪ್ಯಾಂಟು, ದಪ್ಪ ಕಾಲುಚೀಲ. ಈ ಎರಡನೆಯ ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬ್ಯಾಗಿನ ತಳದಲ್ಲಿಡಿ, ತಂಗುವ ಜಾಗ ಮುಟ್ಟುವವರೆಗೆ ಏನೇ ಆದರೂ ಬಿಚ್ಚಬೇಡಿ. ಬೆಳಗ್ಗೆ ಎದ್ದು ಮತ್ತೆ ತಣ್ಣನೆಯ ಒದ್ದೆ ಅಂಗಿಗೆ ತೋಳು ತೂರಿಸುವುದು ಕಷ್ಟವೇ, ಮೈ ಜುಮ್ಮೆನ್ನುತ್ತದೆ. ಆದರೆ ಹತ್ತು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ, ಒಣ ಜೊತೆ ಮುಂದಿನ ರಾತ್ರಿಗೆ ಒಣದಾಗಿಯೇ ಉಳಿಯುತ್ತದೆ.

ಬೆಚ್ಚನೆಯ ಮೇಲುಡುಪಿಗೆ ಮೂರು ಆಯ್ಕೆ: ಮನೆಯ ಉಣ್ಣೆ ಸ್ವೆಟರ್, ಪಾಲಿಯೆಸ್ಟರ್ ಎಳೆಯ ಮೆತ್ತನೆಯ ಫ್ಲೀಸ್ ಜಾಕೆಟ್, ಹಕ್ಕಿಯ ತುಪ್ಪುಳ ತುಂಬಿದ ಡೌನ್ ಜಾಕೆಟ್. ಎತ್ತರ ಸಾವಿರ ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಬುಡದಲ್ಲಿ ಸೆಕೆ ಎನಿಸಿದರೂ ಕುಮಾರಪರ್ವತದ ನೆತ್ತಿ ಸುಮಾರು ಹತ್ತು ಡಿಗ್ರಿ ತಣ್ಣಗಿರುತ್ತದೆ, ಅದರ ಮೇಲೆ ಗಾಳಿ ಬೇರೆ. ಆ ಚಳಿಗೆ ಫ್ಲೀಸ್ ಧಾರಾಳ ಸಾಕು. ಹಗುರ, ಅಗ್ಗ, ತೊಯ್ದರೆ ಹಿಂಡಿ ಹಾಕಿಕೊಳ್ಳಬಹುದು. ಸ್ವೆಟರ್ ಮನೆಯಲ್ಲೇ ಇದ್ದರೆ ಖರ್ಚಿಲ್ಲ, ತೂಕ ಮಾತ್ರ ಹೆಚ್ಚು. ಡೌನ್ ಜಾಕೆಟ್ ಒಣಗಿರುವಾಗ ತೂಕಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಬೆಚ್ಚಗೆ, ಒದ್ದೆಯಾದರೆ ತುಪ್ಪುಳ ಮುದ್ದೆಯಾಗಿ ಕೆಲಸಕ್ಕೆ ಬಾರದು. ಇಬ್ಬನಿಯ ನಾಡಿನಲ್ಲಿ ಅದಕ್ಕೆ ಹಣ ಸುರಿಯುವ ಅಗತ್ಯ ನನಗೆ ಕಂಡಿಲ್ಲ. ಒಂದು ಮಂಕಿ ಕ್ಯಾಪ್ ಇದ್ದರೆ ಇನ್ನೊಂದು ಸ್ವೆಟರ್ ಹಾಕಿದಷ್ಟು ಉಪಕಾರ.

ಮಳೆಗೆ ಮೇಲಂಗಿ ಮತ್ತು ಪ್ಯಾಂಟಿನ ರೇನ್‌ಕೋಟೋ, ಬ್ಯಾಗಿನ ಸಮೇತ ಹೊದೆಯುವ ಪೊಂಚೊ ಆದೀತೋ ಎಂದು ಅನೇಕರು ಕೇಳುತ್ತಾರೆ. ಬೈಕಿನ ರೇನ್‌ಕೋಟ್ ಹಾಕಿ ಹತ್ತಿದರೆ ಒಳಗಿನ ಬೆವರಿನಲ್ಲೇ ತೊಯ್ಯುತ್ತೀರಿ. ಪೊಂಚೊ ಕೆಳಗಿನಿಂದ ಗಾಳಿಯಾಡಿಸುತ್ತದೆ, ಬ್ಯಾಗನ್ನೂ ಕಾಯುತ್ತದೆ, ಕೂತಲ್ಲಿ ಹಾಸಲೂ ಬರುತ್ತದೆ. ಕಾಡಿನ ಹಾದಿಗೆ ಅದೇ ಮೇಲು. ಆದರೆ ಶೇಷಪರ್ವತದಂಥ ಬಯಲು ದಿಣ್ಣೆಯ ಮೇಲೆ ಗಾಳಿ ಎದ್ದಾಗ ಅದು ಪಟಪಟನೆ ಹಾರಿ ಮುಖಕ್ಕೆ ಬಡಿದು, ಎಲ್ಲಿ ಕಾಲಿಡುತ್ತಿದ್ದೇವೆಂದೇ ಕಾಣದಂತೆ ಮಾಡುತ್ತದೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಆ ತೊಂದರೆ ಬಹುಪಾಲು ತಪ್ಪೀತು. ಮರಗಳ ಅಡಿಯ ಅಗಲ ಹಾದಿಯಲ್ಲಿ ಊರಿನವರಂತೆ ಕೊಡೆ ಹಿಡಿಯುವುದನ್ನೂ ಹಗುರವಾಗಿ ಕಾಣಬೇಡಿ, ನಾನು ಕೊಡೆ ಹಿಡಿದೇ ಎಷ್ಟೋ ಗಂಟೆ ಒಣಗಿದ ತಲೆಯಲ್ಲಿ ನಡೆದಿದ್ದೇನೆ.

ಹಾಸಿಗೆ, ಹೊದಿಕೆ, ಟೆಂಟು

ಸ್ಲೀಪಿಂಗ್ ಬ್ಯಾಗಿನ ಚೀಟಿಯ ಮೇಲೆ ಸಾಮಾನ್ಯವಾಗಿ ಎರಡು ಮೂರು ಉಷ್ಣಾಂಶಗಳು ಬರೆದಿರುತ್ತವೆ. ಹಿತವೆಂದು ಸೂಚಿಸಿದ ಅಂಕಿಯನ್ನು ಮಾತ್ರ ನೋಡಿ. ಕೊನೆಯ ಮಿತಿ (ಎಕ್ಸ್‌ಟ್ರೀಮ್) ಎಂದು ಬರೆದ ಅಂಕಿ ನಿದ್ದೆಯ ಲೆಕ್ಕವಲ್ಲ, ಜೀವ ಉಳಿಸಿಕೊಳ್ಳುವ ಲೆಕ್ಕ. ನವೆಂಬರಿನಿಂದ ಫೆಬ್ರವರಿಯವರೆಗಿನ ನಮ್ಮ ಬೆಟ್ಟಗಳಿಗೆ 10 ಡಿಗ್ರಿ ಹಿತಾಂಕದ, ಕೃತಕ ನಾರು ತುಂಬಿದ ಬ್ಯಾಗು ಸಾಕು. ಸೊನ್ನೆಗಿಂತ ಕೆಳಗಿನದನ್ನು ಹಿಮಾಲಯದ ಆಸೆಯಿಂದ ಈಗಲೇ ಕೊಂಡರೆ ಇಲ್ಲಿ ಅರ್ಧ ರಾತ್ರಿಗೆ ಬೆವರಿ ಜಿಪ್ಪು ತೆಗೆದು ಮಲಗುತ್ತೀರಿ.

ಹೋಮ್‌ಸ್ಟೇಯಲ್ಲಿ ಕಂಬಳಿ ಕೊಡುತ್ತಾರೆ, ಆದ್ದರಿಂದ ಮೊದಲ ಬಗೆಯ ಚಾರಣಕ್ಕೆ ಸ್ಲೀಪಿಂಗ್ ಬ್ಯಾಗೇ ಬೇಡ. ಮನೆಯಲ್ಲಿರುವ ಹಳೆಯ, ಮೆತ್ತಗಾದ ಸೀರೆಯೊಂದನ್ನು ಉದ್ದಕ್ಕೆ ಮಡಿಸಿ ತಳ ಮತ್ತು ಒಂದು ಬದಿ ಹೊಲಿದರೆ ಚೀಲದಂಥ ಒಳಹೊದಿಕೆಯಾಗುತ್ತದೆ. ಬೇರೆಯವರ ಕಂಬಳಿಯೊಳಗೆ, ಬಾಡಿಗೆಯ ಸ್ಲೀಪಿಂಗ್ ಬ್ಯಾಗಿನೊಳಗೆ ಅದನ್ನು ಹಾಕಿ ಮಲಗಿದರೆ ಶುಚಿಯೂ ಹೌದು, ಸ್ವಲ್ಪ ಬೆಚ್ಚಗೂ ಹೌದು. ಮೈಸೂರು ಸಿಲ್ಕಿನ ಹಳೆಯ ಸೀರೆ ಬಿಟ್ಟುಕೊಡುವ ಅಮ್ಮ ಸಿಕ್ಕರೆ ಅದು ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ಗಂಟಾಗುತ್ತದೆ. ಕುರಿ ಉಣ್ಣೆಯ ಕಂಬಳಿ ಹೊತ್ತುಕೊಂಡು ಹೋಗಬಹುದೇ ಎಂದರೆ, ಬೆಚ್ಚಗಿರುವುದರಲ್ಲಿ ಅನುಮಾನವಿಲ್ಲ. ಆದರೆ ತೂಕ, ಗಾತ್ರ ಎರಡೂ ಬೆನ್ನಿಗೆ ಹೊರೆ.

ಹೊಸಬರು ಮರೆಯುವುದು ಕೆಳಗಿನ ಚಳಿಯನ್ನು. ಮೈಭಾರಕ್ಕೆ ಅದುಮಿದ ಸ್ಲೀಪಿಂಗ್ ಬ್ಯಾಗಿನ ಅಡಿಭಾಗದಲ್ಲಿ ಗಾಳಿ ಉಳಿಯುವುದಿಲ್ಲ, ನೆಲ ಬೆನ್ನಿನ ಬಿಸಿಯನ್ನು ಬೆಳಗಿನವರೆಗೂ ಹೀರುತ್ತದೆ. ಮೇಲೆ ಎರಡು ಹೊದಿಕೆ ಹೊದ್ದುಕೊಳ್ಳುವುದಕ್ಕಿಂತ ಕೆಳಗೆ ಒಂದು ಮ್ಯಾಟ್ ಹಾಸುವುದು ಹೆಚ್ಚು ಫಲ ಕೊಡುತ್ತದೆ. ಗಾಳಿ ತುಂಬುವ ಮ್ಯಾಟ್ ಮೆತ್ತಗಿರುತ್ತದೆ, ಮಡಿಸಿದರೆ ಬಾಟಲಿಯಷ್ಟಾಗುತ್ತದೆ. ಮುಳ್ಳೊಂದು ಚುಚ್ಚಿದರೆ ರಾತ್ರಿ ಎರಡು ಗಂಟೆಗೆ ಬರಿ ನೆಲದ ಮೇಲಿರುತ್ತೀರಿ. ಫೋಮ್ ಮ್ಯಾಟ್ ದಪ್ಪ ಸುರುಳಿ, ಬ್ಯಾಗಿನ ಹೊರಗೆ ಕಟ್ಟಬೇಕು, ಗಿಡಗಂಟಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ನೀರು ಕುಡಿಯುವುದಿಲ್ಲ, ತೂತಾದರೂ ಕೆಡುವುದಿಲ್ಲ, ಸಾವಿರ ರೂಪಾಯಿಯೊಳಗೆ ಸಿಗುತ್ತದೆ, ವಿರಾಮಕ್ಕೆ ಕೂತಲ್ಲೂ ಬಿಡಿಸಬಹುದು. ಈ ಎರಡರಲ್ಲಿ ಕೊಳ್ಳಬೇಕಾದದ್ದು ಫೋಮ್ ಮ್ಯಾಟನ್ನೇ.

ಟೆಂಟನ್ನು ಕೊಳ್ಳಬೇಡಿ, ಕನಿಷ್ಠ ಮೊದಲ ವರ್ಷ. ಬಾಡಿಗೆಗೆ ತರುವಾಗ ಒಂದೇ ಪದರದ ಅಗ್ಗದ ಟೆಂಟಿಗಿಂತ ಒಳಗೆ ಜಾಳಿಗೆ, ಹೊರಗೆ ಮಳೆಪದರ ಇರುವ ಎರಡು ಪದರದ್ದನ್ನು ಕೇಳಿ. ಕಾರಣ ಮಳೆಗಿಂತ ಹೆಚ್ಚಾಗಿ ಮಲಗಿದವರ ಉಸಿರು. ಇಬ್ಬರು ರಾತ್ರಿಯಿಡೀ ಬಿಟ್ಟ ಉಸಿರಿನ ಆವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಒಂದು ಪದರದ ಟೆಂಟಿನಲ್ಲಿ ಅದು ನೇರ ಮುಖದ ಮೇಲೆ ಬೀಳುತ್ತದೆ, ಎರಡು ಪದರದಲ್ಲಿ ಹೊರಪದರದ ಒಳಮೈಯಲ್ಲಿ ಇಳಿದು ನೆಲ ಸೇರುತ್ತದೆ. ಹೊರಪದರ ಒಳಪದರಕ್ಕೆ ಎಲ್ಲೂ ಅಂಟದಂತೆ ಬಿಗಿಯಾಗಿ ಎಳೆದು ಗೂಟ ಹೊಡೆದಾಗ ಮಾತ್ರ ಇದು ಸಾಧ್ಯ. ಬಾಡಿಗೆ ಟೆಂಟನ್ನು ಹೊರಡುವ ಹಿಂದಿನ ದಿನ ಮನೆಯ ತಾರಸಿಯ ಮೇಲೆ ಒಮ್ಮೆ ನಿಲ್ಲಿಸಿ ನೋಡಿ: ಗೂಟ ಎಷ್ಟಿವೆ, ಕೋಲು ಸೀಳಿದೆಯೇ, ಜಿಪ್ಪು ಪೂರ್ತಿ ಮುಚ್ಚುತ್ತದೆಯೇ. ಅಂಗಡಿಯವರ ಮಾತನ್ನು ನಂಬಿ ನೇರ ಹೊತ್ತೊಯ್ದ ಒಂದು ಟೆಂಟಿನಲ್ಲಿ ಎಂಟು ಗೂಟ ಇರಬೇಕಾದಲ್ಲಿ ಮೂರೇ ಇದ್ದವು. ಉಳಿದ ಐದನ್ನು ಟಾರ್ಚಿನ ಬೆಳಕಿನಲ್ಲಿ ಒಣಕಟ್ಟಿಗೆ ಕೆತ್ತಿ ಮಾಡಿಕೊಂಡೆವು.

ಬ್ಯಾಗು

ಮನೆಯೊಳಗೆ ತಂಗುವ ಚಾರಣಕ್ಕೆ 25ರಿಂದ 30 ಲೀಟರಿನ ಬ್ಯಾಗು, ಹಾಸಿಗೆ ಹೊರುವುದಾದರೆ 40ರಿಂದ 50 ಲೀಟರಿನದು. ಅದಕ್ಕೂ ದೊಡ್ಡದನ್ನು ಕೊಂಡರೆ ಖಾಲಿ ಜಾಗ ತುಂಬುವವರೆಗೂ ಕೈ ಸುಮ್ಮನಿರುವುದಿಲ್ಲ. ಕಾಲೇಜಿನ ಬ್ಯಾಗಿಗೂ ಚಾರಣದ ಬ್ಯಾಗಿಗೂ ಇರುವ ನಿಜವಾದ ವ್ಯತ್ಯಾಸ ಸೊಂಟದ ಪಟ್ಟಿ. ಮೆತ್ತೆಯಿರುವ ಅಗಲ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಕೂರಿಸಿ ಮೊದಲು ಬಿಗಿದು, ಆಮೇಲೆ ಹೆಗಲ ಪಟ್ಟಿ ಎಳೆದರೆ ಭಾರದ ಹೆಚ್ಚು ಪಾಲು ಕಾಲಿಗೆ ಇಳಿಯುತ್ತದೆ, ಹೆಗಲು ಹಗುರಾಗುತ್ತದೆ. ಆರು ಕೆ.ಜಿ.ವರೆಗೆ ಕಾಲೇಜಿನ ಬ್ಯಾಗು ನಡೆದೀತು. ಅದರ ಮೇಲಾದರೆ ಈ ಪಟ್ಟಿಯಿಲ್ಲದೆ ಹೊರಡಬೇಡಿ. ನೀರೂ ಸೇರಿ ಒಟ್ಟು ಭಾರ ನಿಮ್ಮ ತೂಕದ ಐದನೆಯ ಒಂದು ಭಾಗವನ್ನು ದಾಟಬಾರದು: ಅರವತ್ತು ಕೆ.ಜಿ. ತೂಗುವವರಿಗೆ ಹನ್ನೆರಡು ಕೆ.ಜಿ. ಕಟ್ಟಕಡೆಯ ಮಿತಿ.

ಬ್ಯಾಗಿನ ಮೇಲೆ ಹೊದಿಸುವ ಮಳೆಗವಚವನ್ನೇ ನಂಬಿದವರು ಮಲೆನಾಡಿನ ಮಳೆಯಲ್ಲಿ ಮೋಸ ಹೋಗುತ್ತಾರೆ. ನೀರು ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಬ್ಯಾಗಿಗೆ ಇಳಿಯುತ್ತದೆ, ಅಲ್ಲಿ ಕವಚವೇ ಇಲ್ಲ. ಬ್ಯಾಗಿನ ಒಳಗೆ ದೊಡ್ಡ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಬಿಡಿಸಿ, ಎಲ್ಲವನ್ನೂ ಅದರೊಳಗಿಟ್ಟು ಬಾಯಿ ತಿರುಚಿ ಕಟ್ಟುವುದು ಹೆಚ್ಚು ಭದ್ರ, ಖರ್ಚೂ ಇಲ್ಲ. ಕಾಡಿನ ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆಯಿದ್ದರೆ ಆ ಚೀಲವನ್ನು ತೋರಿಸಿ, ಮರಳಿ ತರುತ್ತೇನೆಂದು ಹೇಳಿ, ಹೇಳಿದಂತೆ ತನ್ನಿ.

ಬೆಳಕು, ನೀರು, ಉಳಿದದ್ದು

ಮೊಬೈಲಿನ ಬೆಳಕು ಟಾರ್ಚಿಗೆ ಬದಲಿಯಲ್ಲ. ಅದು ಒಂದು ಕೈಯನ್ನು ಕಟ್ಟಿಹಾಕುತ್ತದೆ, ತುರ್ತಿಗೆ ಬೇಕಾದ ಬ್ಯಾಟರಿಯನ್ನು ತಿನ್ನುತ್ತದೆ. ತಲೆಗೆ ಕಟ್ಟುವ ಹೆಡ್‌ಟಾರ್ಚು ಎರಡೂ ಕೈ ಬಿಡುವು ಮಾಡುತ್ತದೆ, ಇಳಿಯುವಾಗ ಬಂಡೆ ಹಿಡಿಯಲು ಅವು ಬೇಕು. ಚಾರ್ಜ್ ಮಾಡುವುದಕ್ಕಿಂತ ಸೆಲ್ ಹಾಕುವ ಬಗೆಯನ್ನೇ ನಾನು ಮೆಚ್ಚುತ್ತೇನೆ, ಆರಿಹೋದರೆ ಮೂರು ಸೆಲ್ ಬದಲಿಸಿದರೆ ಮುಗಿಯಿತು. 100ರಿಂದ 200 ಲ್ಯೂಮೆನ್ ಬೆಳಕು ನಡೆಯಲು ಸಾಕಷ್ಟಾಯಿತು.

ನೀರಿಗೆ ನಳಿಗೆಯಿರುವ ಚೀಲಕ್ಕಿಂತ ಒಂದೊಂದು ಲೀಟರಿನ ಮೂರು ಗಟ್ಟಿ ಬಾಟಲಿ ವಾಸಿ. ಎಷ್ಟು ಉಳಿದಿದೆಯೆಂದು ಕಣ್ಣಿಗೆ ಕಾಣುತ್ತದೆ, ಸೋರಿ ಬ್ಯಾಗು ತೋಯಿಸುವ ಭಯವಿಲ್ಲ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಮೇಲ್ಗಡೆ ದನವೋ ಕಾಟಿಯೋ ಇಳಿದಿರಬಹುದು. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ, ಇಲ್ಲವೇ ತಂಗಿದ ಮನೆಯಲ್ಲಿ ಕುದಿಸಿದ್ದನ್ನು ತುಂಬಿಸಿಕೊಳ್ಳಿ. ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅದರಿಂದ ಒಲೆ ಪಾತ್ರೆಗಳ ಹೋಲಿಕೆಗೇ ನಾನು ಹೋಗುವುದಿಲ್ಲ. ಚಪಾತಿ ಚಟ್ನಿಪುಡಿ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಹುರಿಗಡಲೆ ಬೆಲ್ಲ ಒಂದೂವರೆ ದಿನಕ್ಕೆ ಕೆಡದೆ ಬರುತ್ತವೆ.

ಓಆರ್‌ಎಸ್ ಪುಡಿ ನಾಲ್ಕು, ಕ್ರೇಪ್ ಬ್ಯಾಂಡೇಜ್ ಒಂದು, ಹಿಮ್ಮಡಿಗೆ ಅಂಟಿಸುವ ಪಟ್ಟಿ, ನೀವು ದಿನವೂ ನುಂಗುವ ಮಾತ್ರೆ, ಒಂದು ಸೀಟಿ. ಮಂಡಿ ನೋವಿನವರಿಗೆ ಇಳಿಯಲು ಕೋಲು ಬೇಕೇ ಬೇಕು. ಮಡಿಸುವ ಅಲ್ಯೂಮಿನಿಯಂ ಕೋಲಿಗೂ ಊರಲ್ಲಿ ಕಡಿದ ಬಿದಿರಿಗೂ ಮಂಡಿಯ ಮಟ್ಟಿಗೆ ಹೆಚ್ಚು ಅಂತರವಿಲ್ಲ.

ಹೀಗೆ ನೋಡಿದರೆ ಮೊದಲ ಚಾರಣಕ್ಕೆ ಕೈಯಿಂದ ಹಣ ಹಾಕಬೇಕಾದದ್ದು ಶೂ, ಹೆಡ್‌ಟಾರ್ಚು, ಪೊಂಚೊ, ಒಂದು ಪಾಲಿಯೆಸ್ಟರ್ ಜೊತೆ. ಫೋಮ್ ಮ್ಯಾಟು, ಫ್ಲೀಸ್ ಎರಡನೆಯ ಸಲಕ್ಕೆ. ಬ್ಯಾಗು ಮೂರನೆಯ ಸಲಕ್ಕೆ, ಸಾಲ ತಂದದ್ದರಲ್ಲಿ ಯಾವ ಅಳತೆ ಒಗ್ಗಿತೆಂದು ತಿಳಿದ ಮೇಲೆ. ಸ್ಲೀಪಿಂಗ್ ಬ್ಯಾಗು, ಟೆಂಟು ಬಾಡಿಗೆಯಲ್ಲೇ ಇರಲಿ.

ಮನೆಗೆ ಬಂದ ದಿನವೇ, ಎಷ್ಟೇ ಆಯಾಸವಿದ್ದರೂ, ಎಲ್ಲವನ್ನೂ ಬ್ಯಾಗಿನಿಂದ ಹೊರಗೆ ಸುರಿಯಿರಿ. ಶೂ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡಿ, ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಟೆಂಟನ್ನು ಬಾಡಿಗೆಯವರಿಗೆ ಮರಳಿಸುವ ಮುಂಚೆ ತಾರಸಿಯಲ್ಲಿ ಹರಡಿ ಆರಿಸಿ, ಒದ್ದೆ ಮಡಿಸಿದ ಟೆಂಟು ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಹೆಡ್‌ಟಾರ್ಚಿನ ಸೆಲ್ ತೆಗೆದಿಡಿ. ಇಂಬಳದ ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ತೊಳೆಯಿರಿ, ಹೊಲಿಗೆಯ ಸಂದಿಯಲ್ಲಿ ಒಂದೆರಡು ಇನ್ನೂ ಜೀವಂತ ಇರುತ್ತವೆ.